ಶೆಟವಿ ತಾಯಿಯ ಪೆನ್ನು

ನಮ್ಮ ಮನೆಯಲ್ಲಿ ಎಲ್ಲವನ್ನೂ ಶೆಟವಿ ತಾಯಿ ಬರೆದಿಡುತ್ತಿದ್ದಳು. ಮಗು ಹುಟ್ಟಿದ ಐದನೇ ದಿನ ತೊಟ್ಟಿಲ ಹತ್ತಿರ ಒಂದು ಬಿಳಿ ಹಾಳೆ, ಒಂದು ಪೆನ್ನು ಇಡಬೇಕು. ಆ ರಾತ್ರಿ ಆಕೆ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಲೋಕದ ಹಣೆಬರಹವನ್ನೆಲ್ಲ ಬರೆಯುವವಳಿಗೆ ಸ್ವಂತದ್ದೊಂದು ಪೆನ್ನಿಲ್ಲವೇ ಎಂದು ಕೇಳಿ, ಆಯಿಯಿಂದ, ಅಂದರೆ ಅಪ್ಪನ ಅವ್ವನಿಂದ, ತಲೆಗೆ ಮೊಟಕಿಸಿಕೊಂಡಿದ್ದೆ.

ಈ ತಾಯಿಯ ಬರವಣಿಗೆ ಬಲು ವಿಚಿತ್ರ. ಅಪ್ಪನಿಗೆ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಬಡ್ತಿ ಸಿಕ್ಕರೆ ಅದು ಅಪ್ಪನ ದುಡಿಮೆ. ಅಣ್ಣ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದರೆ ಅದು ಶೆಟವಿ ಬರೆದದ್ದು. ಪಾಪ, ಹುಡುಗ ಏನು ಮಾಡಿಯಾನು! ಅವನು ಮೂರನೇ ಸಲ ಕೂರಲು ಮಾತ್ರ ಯಾವ ಬರಹವೂ ಅಡ್ಡ ಬರಲಿಲ್ಲ. ಗಂಡುಮಕ್ಕಳ ಹಾಳೆಯಲ್ಲಿ ತಿದ್ದಲು ಜಾಗ ಬಿಟ್ಟು, ಹೆಣ್ಣುಮಕ್ಕಳದ್ದನ್ನು ಅಂಚಿನವರೆಗೂ ತುಂಬಿಬಿಡುತ್ತಿದ್ದಳು ಮಹಾತಾಯಿ.

ನನ್ನ ಹಾಳೆಯಲ್ಲಿ ಹೊರ್ತಿಯ ಲಿಂಬೆ ತೋಟದವರ ಮಗನಿದ್ದನಂತೆ. ನಾನೋ ಪಿಯುಸಿ ಪಾಸಾಗಿ, ಮುದ್ದೇಬಿಹಾಳದಲ್ಲಿ ಡಿ.ಎಡ್. ಓದಿ ಟೀಚರಾಗಬೇಕೆಂದು ಅರ್ಜಿ ತಂದಿಟ್ಟುಕೊಂಡಿದ್ದೆ. ನಿಡಗುಂದಿಯ ನಮ್ಮ ಮನೆಯಿಂದ ದಿನಾ ಬಸ್ಸಿಗೆ ಹೋಗಿಬರಬಹುದಿತ್ತು. "ಶೆಟವಿ ಬರದದ್ದು ತಪ್ಪಸಾಕ ಆಗತೈತೇನು?" ಎಂದುಬಿಟ್ಟರು ಅಪ್ಪ. ಕೃಷ್ಣೆಯಂಥ ಕೃಷ್ಣೆಯನ್ನೇ ತಡೆದು ಕಾಲುವೆಗೆ ತಿರುಗಿಸುವ ಕಚೇರಿಯವರು! ಮಗಳ ಹಣೆಯೊಂದು ಅವರ ಕೈಮೀರಿದ್ದು.

ಹೊರ್ತಿಯವರು ಕನ್ಯೆ ನೋಡಲು ಬರುವುದರೊಳಗೆ, ಹೆರಿಗೆಗೆ ಬಂದಿದ್ದ ಅಕ್ಕ ಹೆಣ್ಣು ಹೆತ್ತಳು. ಐದನೇ ದಿನದ ಸಂಜೆ ಆಯಿ ತೊಟ್ಟಿಲ ಬಳಿ ಹಾಳೆ ಇಟ್ಟು, ಅಪ್ಪನ ಜೇಬಿನ ಪೆನ್ನು ಕೇಳಿದಳು. ಅಪ್ಪ ಅದನ್ನು ಕೊಡುತ್ತ ನನ್ನ ಕಡೆ ನೋಡಿ, "ನಿಂದೂ ಹಿಂಗ ಬರಸೇವಿ. ಸುಮ್ನ ಹೂಂ ಅನ್ನು," ಎಂದರು.

ಬಾಣಂತಿಗೆ ಬಿಸಿನೀರು ತಂದಿದ್ದ ಅವ್ವ ಚೆಂಬು ಕೆಳಗಿಟ್ಟಳು. "ಅಕೀದು ಎಲ್ಲಿ ಬರಸೀರಿ? ಅವತ್ತ ನೀವು ಇಟ್ಟ ಪೆನ್ನಿನಾಗ ಶಾಯಿನ ಇದ್ದಿದ್ದಿಲ್ರಿ. ನಾ ಗೀಚಿ ನೋಡೇನಿ."

"ಅಯ್ಯ ಶಿವನ!" ಆಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹಂಗಾರ ಈ ಹುಡುಗಿ ಹಣಿ ಖಾಲಿ ಐತೇನ?"

ಅಪ್ಪ ಸಿಕ್ಕಿಬಿದ್ದರು. ಶೆಟವಿಯನ್ನು ನಂಬಿದ ಮೇಲೆ ಪೆನ್ನನ್ನೂ ನಂಬಬೇಕಲ್ಲ! ಏನೂ ಬರೆಯದ ಹುಡುಗಿಯನ್ನು ಹೊರ್ತಿಗೆ ಕೊಡಲು ಆಯಿಯೇ ಒಪ್ಪಲಿಲ್ಲ. "ನಾಳೆ ಅಲ್ಲಿ ಏನರ ಹೆಚ್ಚುಕಡಿಮಿ ಆದ್ರ ಯಾರ ಮ್ಯಾಲ ಹಾಕೂದು?" ಎಂದು ಕೇಳಿದಳು. ಅಪ್ಪ ಹೊರ್ತಿಯವರಿಗೆ ಬರಬೇಡಿರೆಂದು ಹೇಳಿ ಕಳಿಸಿದರು.

ಮರುದಿನ ನನ್ನ ಅರ್ಜಿಗೆ ಸಹಿ ಹಾಕಲು ಅಪ್ಪ ತೊಟ್ಟಿಲ ಬಳಿಯ ಪೆನ್ನು ತೆಗೆದುಕೊಂಡರೆ ಅದರೊಳಗೆ ರಿಫಿಲ್ಲೇ ಇರಲಿಲ್ಲ. ಅಕ್ಕ ಏನನ್ನೋ ದಿಂಬಿನಡಿ ಸರಿಸಿ, ಕೂಸನ್ನು ತಬ್ಬಿಕೊಂಡು ಗೋಡೆಯ ಕಡೆ ಮಗ್ಗುಲಾದಳು. ಅಪ್ಪ ಗೊಣಗುತ್ತ ಹೋಗಿ ಬೇರೆ ಪೆನ್ನು ತಂದು ಸಹಿ ಮಾಡಿದರು.

ನಾನು ಕುಣಿಯುತ್ತ ಒಲೆಯ ಹತ್ತಿರ ಹೋದೆ. "ಯವ್ವಾ, ಖರೇನ ಪೆನ್ನಿನಾಗ ಶಾಯಿ ಇದ್ದಿದ್ದಿಲ್ಲೇನ?"

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಅವತ್ತ ಬಾಣಂತಿ ನಾ, ಕಣ್ಣ ತೆರ್ಯಾಕ ತ್ರಾಣ ಇದ್ದಿದ್ದಿಲ್ಲ. ಯಾವ ಪೆನ್ನ ನೋಡ್ಲಿ?" ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನಾ ಕೂಸಿದ್ದಾಗ ನನ್ನ ತೊಟ್ಟಿಲಕ್ಕ ಇಟ್ಟಿದ್ದ ಪೆನ್ನ ಮಾತ್ರ ಚಲೋ ಬರೀತಿತ್ತ ಅಂತ ಕಾಣತೈತಿ."