ಬಗ್ಗಿದ ಪಿನ್ನು ಹುಡುಕುವ ಪಿನ್ನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ಕರೆಂಟಿಲ್ಲ. ಅರ್ಧ ಎತ್ತಿದ ಷಟರಿನ ಒಳಗೆ, ಬ್ಯಾಟರಿ ದೀಪವನ್ನು ಗಲ್ಲಕ್ಕೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಪಿನ್ನಕ್ಕ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೊಂದರ ತಗಡು ಬಿಚ್ಚುತ್ತಿದ್ದಾರೆ. ಸ್ಕ್ರೂಗಳು ಒಂದೊಂದಾಗಿ ಸ್ಟೀಲ್ ತಟ್ಟೆಗೆ ಬೀಳುತ್ತಿವೆ. ಎದುರಿನ ಸ್ಟೂಲಿನ ಮೇಲೆ, ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತವರು ಅಂಧ ಮಕ್ಕಳ ಶಾಲೆಯ ಮೇಷ್ಟ್ರು. ಶಾಲೆಯ ಬ್ರೈಲ್ ಮುದ್ರಣದ ಕೋಣೆ ಅವರ ಸುಪರ್ದಿಯಲ್ಲಿದೆ. ಹುಟ್ಟಿದಾಗಿನಿಂದ ಅವರಿಗೂ ಕಣ್ಣು ಕಾಣದು.

"ನಾಲ್ಕನೇ ಸ್ಕ್ರೂ ಬೀಳ್ಲೇ ಇಲ್ವಲ್ಲ ಅಕ್ಕಾ?"

"ಅದು ಮೊದ್ಲಿಂದ್ಲೂ ಇಲ್ಲ ಮೇಷ್ಟ್ರೇ. ಹಿಂದಿನ ಸಲ ತಂದಾಗ್ಲೂ ಮೂರೇ ಇತ್ತು."

"ಹಾಗಾದ್ರೆ ಅದರ ಹಿಂದಿನ ಸಲ ನೀವೇ ನುಂಗಿರ್ಬೇಕು."

ಪಿನ್ನಕ್ಕ ನಗುತ್ತಾರೆ. ಆದರೆ ಆ ನಗು ತುಟಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸೋಮವಾರ ಮಕ್ಕಳಿಗೆ ಗಣಿತದ ಪರೀಕ್ಷೆ. ಪ್ರಶ್ನೆಪತ್ರಿಕೆ ಇನ್ನೂ ಅಚ್ಚಾಗಿಲ್ಲ. ಶಾಲೆಯಲ್ಲಿರುವ ಬ್ರೈಲ್ ಯಂತ್ರ ಬಲು ಹಳೆಯದು. ಈ ಕಂಪ್ಯೂಟರಿನ ಬೆನ್ನಿಗಿರುವ ಅಗಲ ಬಾಯಿಯ ಜೋಡಣೆಗೆ ಮಾತ್ರ ಒಗ್ಗುತ್ತದೆ. ಹೊಸ ಕಂಪ್ಯೂಟರುಗಳಿಗೆ ಆ ಬಾಯಿಯೇ ಇಲ್ಲ. ಇತ್ತ, ಲೆಕ್ಕಗಳನ್ನು ಬ್ರೈಲಿಗೆ ತಿರುಗಿಸುವ ಹೊಸ ತಂತ್ರಾಂಶ ಹಳೆಯ ಪ್ರೊಸೆಸರಿನ ಮೇಲೆ ಏಳುವುದೇ ಇಲ್ಲ. ಹಾಗಾಗಿ ಮೈ ಹಳೆಯದೇ ಇರಬೇಕು, ಮೆದುಳು ಮಾತ್ರ ಬದಲಾಗಬೇಕು.

"ಪತ್ರಿಕೆ ಇಲ್ದಿದ್ರೆ ಯಾರಾದ್ರೂ ಪ್ರಶ್ನೆ ಓದಿ ಹೇಳ್ತಾರೆ," ಎನ್ನುತ್ತಾರೆ ಮೇಷ್ಟ್ರು. "ಮಕ್ಳು ಅಷ್ಟುದ್ದ ಲೆಕ್ಕ ಕೇಳಿ ತಲೇಲಿಟ್ಕೋಬೇಕು. ಅದು ಗಣಿತದ ಪರೀಕ್ಷೆ ಅಲ್ಲ, ನೆನಪಿನ ಪರೀಕ್ಷೆ. ನಾನು ಹಾಗೆ ಬರೆದು ಫೇಲಾದವ್ನು."

ಈ ಅಂಗಡಿ ಪಿನ್ನಕ್ಕನ ಅಣ್ಣನದು. ಅಣ್ಣನಿಗೆ ಬೆನ್ನುನೋವು ಬಂದು ಹಾಸಿಗೆ ಹಿಡಿದ ಮೇಲೆ ಗಲ್ಲಾಪೆಟ್ಟಿಗೆಗೆ ಅತ್ತಿಗೆ ಬಂದರು, ಒಳಗಿನ ರಿಪೇರಿ ಮೇಜಿಗೆ ಪಿನ್ನಕ್ಕ ಬಂದರು. ಅದಕ್ಕೆ ಮೊದಲು ಪಿನ್ನಕ್ಕನ ಕೆಲಸ ಫೋನು ಎತ್ತುವುದು, ಧೂಳು ಒರೆಸುವುದು, ಅಣ್ಣ ಕೇಳಿದಾಗ ದೀಪ ಹಿಡಿಯುವುದು. ದೀಪ ಹಿಡಿದು ಹಿಡಿದೇ ಕೆಲಸ ಕಲಿತರು. ಹಳೆಯ ಪ್ರೊಸೆಸರುಗಳ ಅಡಿಯಲ್ಲಿ ಕೂದಲಿನಷ್ಟು ತೆಳುವಾದ ನೂರಾರು ಪಿನ್ನುಗಳಿರುತ್ತವೆ. ಒಂದು ವಾಲಿದರೂ ಪ್ರೊಸೆಸರು ಕಂಪ್ಯೂಟರಿನೊಳಗಿನ ಬೋರ್ಡಿನ ತೂತುಗಳಿಗೆ ಇಳಿಯುವುದಿಲ್ಲ. ಬೇರೆ ಅಂಗಡಿಯವರು ಕೈಚೆಲ್ಲಿದ ಪ್ರೊಸೆಸರುಗಳನ್ನು ಸೀಸದ ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲ್ಲಿನ ಟೊಳ್ಳು ಉಕ್ಕಿನ ತುದಿಯಿಂದ ನೆಟ್ಟಗೆ ಮಾಡಿ ಕೊಡುತ್ತಾ ಬಂದಿದ್ದರಿಂದಲೇ ಅವರಿಗೆ ಈ ಹೆಸರು. ದಿನಕ್ಕೆ ನಾಲ್ಕೈದು ಡಬ್ಬ ಬಿಚ್ಚುತ್ತಾರೆ. ಪ್ರತಿಯೊಂದನ್ನೂ ಮೊದಲ ಸಲ ಬಿಚ್ಚುವವರಂತೆ ಹೆದರುತ್ತಲೇ ಬಿಚ್ಚುತ್ತಾರೆ.

"ಇವ್ಳು ದೋಸ್ತಿ ಮಾಡ್ಕೊಂಡಿರೋದು ಭಯದ ಜೊತೆ ಒಂದೇ," ಎಂದು ಅತ್ತಿಗೆ ಆಡಿಕೊಳ್ಳುತ್ತಾರೆ. "ಷಟರ್ ಬೀಗ ಹಾಕಿ, ಅರ್ಧ ದಾರಿ ಹೋಗಿ, ವಾಪಸ್ ಬಂದು ಎಳೆದು ನೋಡ್ತಾಳೆ. ನಾನು ಅಲ್ಲೇ ನಿಂತು ಕಾಯ್ತೀನಿ. ಏನ್ಮಾಡ್ಲಿ, ಗಂಡನ ತಂಗಿ."

ಭಯಕ್ಕೆ ತಕ್ಕ ಕಟ್ಟಳೆಗಳೂ ಅವರಿಗಿವೆ. ಅದರಲ್ಲಿ ಮುಖ್ಯವಾದದ್ದು: ತಣ್ಣಗಿರುವ ಯಂತ್ರದ ಫ್ಯಾನು ಕೀಳಬಾರದು. ಫ್ಯಾನಿಗೂ ಪ್ರೊಸೆಸರಿಗೂ ನಡುವಿನ ಬಿಳಿ ಪೇಸ್ಟು ವರ್ಷಗಳ ಬಿಸಿಗೆ ಒಣಗಿ ಗೋಂದಿನಂತೆ ಕಚ್ಚಿಕೊಂಡಿರುತ್ತದೆ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗೆ ಮಾಡಿ, ಫ್ಯಾನನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಬೇಕು.

ಇವತ್ತು ಆ ಕಟ್ಟಳೆ ತಪ್ಪಿದೆ. ಕರೆಂಟಿಲ್ಲ, ಅಂಗಡಿಯ ಯುಪಿಎಸ್ಸು ಮುದಿಯಾಗಿದ್ದು ಕಂಪ್ಯೂಟರಿನ ಭಾರ ಹೊತ್ತು ಎರಡು ನಿಮಿಷವೂ ನಿಲ್ಲದು. ಕರೆಂಟು ಬರುವಷ್ಟರಲ್ಲಿ ಹೊಸ ಪ್ರೊಸೆಸರನ್ನು ಕೂರಿಸಿಬಿಟ್ಟರೆ ಮೇಷ್ಟ್ರಿಗೆ ಅರ್ಧ ದಿನ ಉಳಿಯುತ್ತದೆ ಎಂದು ಪಿನ್ನಕ್ಕನ ಲೆಕ್ಕ. ಫ್ಯಾನು ತಿರುಚುತ್ತಾರೆ. ಅದು ಮಿಸುಕುವುದಿಲ್ಲ. ಇನ್ನಷ್ಟು ಬಲ ಹಾಕಿದಾಗ 'ಟಕ್' ಎಂದು ಮೇಲೆ ಬರುತ್ತದೆ, ಅಡಿಯಲ್ಲಿ ಪ್ರೊಸೆಸರನ್ನೂ ಕಚ್ಚಿಕೊಂಡು.

"ಏನಾಯ್ತು?" ಎನ್ನುತ್ತಾರೆ ಮೇಷ್ಟ್ರು.

"ಏನಿಲ್ಲ. ಹಳೇದು ಸ್ವಲ್ಪ ಹಟ ಮಾಡ್ತು. ಹೇಗಿದ್ರೂ ಅದು ಗುಜರಿಗೆ ತಾನೇ."

ಒಂದು ಮೂಲೆಯ ಪಿನ್ನುಗಳು ವಾಲಿರುವುದು ಕಾಣುತ್ತದೆ. ಫ್ಯಾನಿನಿಂದ ಬಿಡಿಸಿ, ಪೇಸ್ಟು ಒರೆಸಿ, ಅದನ್ನು ಪಕ್ಕಕ್ಕಿಟ್ಟು ಹೊಸದನ್ನು ಕೂರಿಸುತ್ತಾರೆ. ಕರೆಂಟು ಬರುತ್ತದೆ. ಗುಂಡಿ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಇದೆ.

ಬೋರ್ಡಿನೊಳಗೆ ಬಯೋಸ್ ಎಂಬ ಪುಟ್ಟ ತಂತ್ರಾಂಶವಿರುತ್ತದೆ. ಹೊಸ ಪ್ರೊಸೆಸರಿನ ಗುರುತು ಹಿಡಿಯಲು ಅದರ ಎಂಟನೇ ಆವೃತ್ತಿ ಬೇಕು. ಅದಿರುವ ಚಿಪ್‌ನ ಮೇಲಿನ ಚೀಟಿಯಲ್ಲಿ ಎಂಟು ಎಂದಿದ್ದನ್ನು ತಗಡು ಬಿಚ್ಚಿದ ಕೂಡಲೇ ತಾವೇ ನೋಡಿದ್ದರು. ಈಗ ಭೂತಗನ್ನಡಿ ಹಿಡಿದು ಮತ್ತೆ ನೋಡುತ್ತಾರೆ. ಅದು ಎಂಟಲ್ಲ, ಮೂರು.

ಬಯೋಸ್ ಬದಲಿಸಲು ಕಂಪ್ಯೂಟರು ಏಳಬೇಕು. ಅದು ಏಳಬೇಕಾದರೆ ಗುಜರಿಗೆ ಎಂದು ಪಕ್ಕಕ್ಕಿಟ್ಟ ಆ ಹಳೆಯ ಪ್ರೊಸೆಸರೇ ಬೇಕು.

ಪಿನ್ನಕ್ಕ ಪೆನ್ಸಿಲ್ ಹಿಡಿದು ಕೂರುತ್ತಾರೆ. ಒಂದೊಂದೇ ಪಿನ್ನನ್ನು ಉಸಿರು ಬಿಗಿಹಿಡಿದು ಎತ್ತುತ್ತಾರೆ. ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ, ಮುರಿದರೆ ಕತೆ ಮುಗಿಯಿತು. ಎಲ್ಲ ನೆಟ್ಟಗಾದಂತೆ ಕಂಡ ಮೇಲೆ ಬೋರ್ಡಿನ ಮೇಲೆ ಇಡುತ್ತಾರೆ. ಇಳಿಯುವುದಿಲ್ಲ. ತೆಗೆದು, ದೀಪ ಹತ್ತಿರ ತಂದು, ಮತ್ತೆ ನೋಡುತ್ತಾರೆ. ಸಾಲುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮತ್ತೆ ಇಡುತ್ತಾರೆ. ಇಳಿಯುವುದಿಲ್ಲ.

"ಒತ್ತಿ ನೋಡೇ," ಎನ್ನುತ್ತಾರೆ ಆಗಷ್ಟೇ ಒಳಗೆ ಬಂದ ಅತ್ತಿಗೆ.

"ಒತ್ತಬಾರ್ದು ಅತ್ತಿಗೆ. ತಾನಾಗೇ ಬೀಳ್ಬೇಕು."

"ಯಾಕೆ ಅಕ್ಕಾ, ಆಗಿನಿಂದ ಸುಮ್ನಿದ್ದೀರಿ?" ಮೇಷ್ಟ್ರ ದನಿಯಲ್ಲಿ ಈಗ ತಮಾಷೆಯಿಲ್ಲ. "ನೀವು ಉಸಿರಾಡೋದೂ ಕೇಳಿಸ್ತಿಲ್ಲ."

ಪಿನ್ನಕ್ಕ ಪ್ರೊಸೆಸರನ್ನು ಮೇಜಿನ ಮೇಲಿಡುತ್ತಾರೆ. ಆಮೇಲೆ, ಅತ್ತಿಗೆಯ ಮುಖ ನೋಡದೆ, ಎಷ್ಟೋ ತಿಂಗಳಿಂದ ನುಂಗಿಕೊಂಡಿದ್ದನ್ನು ಹೇಳಿಬಿಡುತ್ತಾರೆ: "ಎಲ್ಲೋ ಒಂದು ಪಿನ್ನು ವಾಲಿದೆ ಮೇಷ್ಟ್ರೇ. ನನ್ಗೆ ಕಾಣ್ತಿಲ್ಲ. ಕಣ್ಣು ಮಂಜಾಗ್ತಿದೆ. ಮೂರನ್ನ ಎಂಟು ಅಂತ ಓದಿದ್ದೂ ಅದಕ್ಕೇ. ತಪ್ಪು ನನ್ದೇ."

ಅತ್ತಿಗೆ ತಾವೇ ಪ್ರೊಸೆಸರು ಎತ್ತಿಕೊಂಡು, ಕನ್ನಡಕ ಏರಿಸಿ ನೋಡುತ್ತಾರೆ. "ನನಗೆ ಇದು ಬಟ್ಟೆ ಉಜ್ಜೋ ಬ್ರಷ್ಷಿನ ಹಾಗೆ ಕಾಣುತ್ತೆ," ಎಂದು ಕೆಳಗಿಡುತ್ತಾರೆ.

ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸುತ್ತಾರೆ. "ಎಷ್ಟು ದಪ್ಪ ಇರುತ್ತೆ ಈ ಪಿನ್ನು?"

"ಕೂದಲಿನಷ್ಟು."

"ಸಾಲಾಗಿ ಇರುತ್ತಾ?"

"ಸಾಲು ಸಾಲಾಗಿ."

"ಮತ್ತೆ ನನ್ ಕೈಗೆ ಕೊಡೋಕೆ ಏನು ಧಾಡಿ?"

ಪಿನ್ನಕ್ಕ ತಮ್ಮ ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಮೇಷ್ಟ್ರ ಕೈಗೆ ಕಟ್ಟುತ್ತಾರೆ. ಮೈಯಲ್ಲಿನ ಸಣ್ಣ ವಿದ್ಯುತ್ತು ಪ್ರೊಸೆಸರಿಗೆ ತಗಲಬಾರದೆಂದು ಕಟ್ಟಿಕೊಳ್ಳುವ ಪಟ್ಟಿ ಅದು. ಬೇರೆಯವರ ಬೆರಳನ್ನು ಪಿನ್ನಿನ ಹತ್ತಿರ ಬಿಟ್ಟದ್ದು ಇದೇ ಮೊದಲು.

"ಮೇಲಿಂದ ತೇಲಿಸ್ಕೊಂಡು ಹೋಗಿ. ಒತ್ತಿದ್ರೆ ಎಲ್ಲಾ ಮಲಗಿಬಿಡ್ತಾವೆ."

"ಒತ್ತಿ ಓದೋರನ್ನ ನಾನು ಒಂದನೇ ಕ್ಲಾಸಲ್ಲೇ ಬೈತೀನಿ," ಎನ್ನುತ್ತಾರೆ ಮೇಷ್ಟ್ರು.

ಅವರ ತೋರುಬೆರಳು ಮೊದಲ ಸಾಲಿನ ಮೇಲೆ, ಮುಟ್ಟಿತೋ ಇಲ್ಲವೋ ಎಂಬಂತೆ ಸರಿಯುತ್ತದೆ. ಎರಡನೇ ಸಾಲು. ಮೂರನೇ ಸಾಲು. ಪಿನ್ನಕ್ಕ ಸೆರಗಿನ ತುದಿಯನ್ನು ಹಿಂಡುತ್ತಿದ್ದಾರೆ. ಐದನೇ ಸಾಲಿನ ನಡುವೆ ಬೆರಳು ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ನಿಲ್ಲುತ್ತದೆ.

"ಇಲ್ಲೊಬ್ಬ ಕಿಡಿಗೇಡಿ ಇದಾನೆ. ಪಕ್ಕದವನ ಉತ್ತರ ಕದ್ದು ನೋಡ್ತಿದಾನೆ."

ಬೆರಳು ತೋರಿಸಿದ ಜಾಗಕ್ಕೆ ಪಿನ್ನಕ್ಕ ಪೆನ್ಸಿಲ್ ತುದಿ ಇಳಿಸಿ ಎತ್ತುತ್ತಾರೆ. ಮೇಷ್ಟ್ರು ಮತ್ತೊಮ್ಮೆ ಸವರಿ, "ಈಗ ಸರಿ," ಎನ್ನುತ್ತಾರೆ. ಬೋರ್ಡಿನ ಮೇಲಿಟ್ಟ ಕೂಡಲೇ ಪ್ರೊಸೆಸರು ತಾನಾಗಿಯೇ ಕೆಳಗಿಳಿದು ಕೂರುತ್ತದೆ.

ಪರದೆ ಬೆಳಗುತ್ತದೆ. ಆದರೆ ಕುತ್ತಿಗೆಗೆ ಬಂದದ್ದು ಇನ್ನೂ ಇಳಿದಿಲ್ಲ. ಹೊಸ ಬಯೋಸ್ ಇಳಿಯುವಾಗ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಪರದೆಯ ನೀಲಿ ಪಟ್ಟಿ ಬಸವನಹುಳುವಿನಂತೆ ತೆವಳುತ್ತದೆ.

"ಪಕ್ಕದಂಗಡಿ ಫ್ರಿಜ್ಜು ಗುರ್ ಅಂತಾನೇ ಇದೆ," ಎನ್ನುತ್ತಾರೆ ಮೇಷ್ಟ್ರು, ಸಮಾಧಾನ ಹೇಳುವಂತೆ. "ಕರೆಂಟಿದೆ. ಇನ್ನೂ ಇದೆ."

ಪಟ್ಟಿ ತುಂಬುತ್ತದೆ. ಯಂತ್ರ ಈ ಸಲ ಬೆಚ್ಚಗಿದೆ. ಪಿನ್ನಕ್ಕ ಫ್ಯಾನನ್ನು ಎಡಕ್ಕೆ, ಬಲಕ್ಕೆ ತಿರುಚುತ್ತಾರೆ. ಮಾಗಿದ ಹಣ್ಣಿನಂತೆ ಬಿಟ್ಟುಕೊಳ್ಳುತ್ತದೆ. ಹೊಸದು ಕೂರುತ್ತದೆ, ಪರದೆ ಬೆಳಗುತ್ತದೆ, ಹೊಸ ತಂತ್ರಾಂಶ ಏಳುತ್ತದೆ. ಮಧ್ಯಾಹ್ನ ಶಾಲೆಯಿಂದ ಮೇಷ್ಟ್ರ ಫೋನು ಬರುತ್ತದೆ. ಅವರು ದಪ್ಪ ಕಾಗದದ ಮೇಲೆ ಬ್ರೈಲ್ ಯಂತ್ರ ಚುಕ್ಕಿ ಗುದ್ದುವ ಸದ್ದಿನ ಕಡೆಗೆ ಫೋನು ಹಿಡಿಯುತ್ತಾರೆ. ಪಿನ್ನಕ್ಕ ಅದನ್ನು ನಿಂತೇ ಕೇಳುತ್ತಾರೆ. ಕೇಳಿದ ಮೇಲೆ ಸ್ಟೂಲಿನ ಮೇಲೆ ಕೂರುತ್ತಾರೆ.

ಅದೇ ಸಂಜೆ ಅತ್ತಿಗೆ ಪಿನ್ನಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ಯುತ್ತಾರೆ. ಪೊರೆ ಬೆಳೆಯುತ್ತಿದೆಯಂತೆ, ತೆಗೆಯಬಹುದಂತೆ. "ತೆಗೆದ ಮೇಲೆ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತೋ ಇಲ್ವೋ, ಯಾರಿಗೆ ಗೊತ್ತು?" ಎನ್ನುತ್ತಾರೆ ಪಿನ್ನಕ್ಕ. "ನನಗೆ ಜಾಸ್ತಿ ಆಸೆ ಏನಿಲ್ಲ. ಹಳೇ ಯಂತ್ರಗಳು ಇರೋವರೆಗೆ ಈ ಮೇಜು ಬಿಟ್ಟು ಏಳಬಾರ್ದು, ಅಷ್ಟೇ."

ಸೋಮವಾರ ಬೆಳಿಗ್ಗೆ ಅಲ್ಲಿ ಮಕ್ಕಳು ಪ್ರಶ್ನೆಪತ್ರಿಕೆಯ ಮೇಲೆ ಬೆರಳಾಡಿಸುವ ಹೊತ್ತು. ಇಲ್ಲಿ ಅಂಗಡಿಯಲ್ಲಿ ಪಿನ್ನಕ್ಕ ಕಣ್ಣು ಮುಚ್ಚಿ, ಕೆಟ್ಟುಹೋದ ಪ್ರೊಸೆಸರೊಂದರ ಮೇಲೆ ತೋರುಬೆರಳು ತೇಲಿಸುತ್ತಿದ್ದಾರೆ. ಮೇಷ್ಟ್ರು ಹೇಳಿಕೊಟ್ಟ ಪಾಠ. ಸೂಜಿಯಿಂದ ಪಿನ್ನು ಬಗ್ಗಿಸಿ ಕೊಡುವ ಕೆಲಸ ಅತ್ತಿಗೆಯದು.

"ಸಿಕ್ತು ಅತ್ತಿಗೆ. ನಾಲ್ಕನೇ ಸಾಲು, ಕೊನೆಯಿಂದ ಎರಡನೇದು. ಸರಿನಾ?"

ಅತ್ತಿಗೆ ಭೂತಗನ್ನಡಿ ಹಿಡಿದು ನೋಡುತ್ತಾರೆ.

"ಸರಿ. ಆದ್ರೆ ನಾನು ಬಗ್ಗಿಸಿದ್ದು ಎರಡು ಕಣೇ."

ಪಿನ್ನಕ್ಕ ಮತ್ತೆ ಕಣ್ಣು ಮುಚ್ಚುತ್ತಾರೆ.