ಜಗಲಿಯ ಮೇಲೆ ವಾಪಸ್ ಕೊಟ್ಟ ಕಾರ್ಡು

ಭಾನುವಾರ ಬೆಳಿಗ್ಗೆ ನಮ್ಮ ವಠಾರಕ್ಕೆ ನೀರು ಬರುತ್ತದೆಂಬ ಭರವಸೆ ಇಲ್ಲ, ಜಗಳ ಬರುತ್ತದೆಂಬ ಭರವಸೆ ಇದೆ. ಬೆಂಗಳೂರಿನ ಹೊರಗೆ ಮಾದನಾಯಕನಹಳ್ಳಿಯಲ್ಲಿ ಗೋದಾಮುಗಳ ಹಿಂದೆ ಸಾಲಾಗಿ ಕಟ್ಟಿರುವ ಬಾಡಿಗೆ ಮನೆಗಳಲ್ಲಿ ಕೊನೆಯದು ನಮ್ಮದು. ಸಾಲಿನ ಮುಂದೆ ಜಗಲಿ ಇರುವ ಹಳೆಯ ಹೆಂಚಿನ ಮನೆ. ಅದರಲ್ಲಿ ಓನರ್ ಮತ್ತು ಓನರಮ್ಮ. ಈ ಜಾಗವೆಲ್ಲ ಮುಂಚೆ ಅವರ ರಾಗಿ ಹೊಲವಾಗಿತ್ತಂತೆ. ಈಗ ಅದರಲ್ಲಿ ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯಿಂದ ಬಂದ ನಾವು ಬೆಳೆದುಕೊಂಡಿದ್ದೇವೆ.

ಓನರ್ ದೆಹಲಿಯಲ್ಲಿ ಆಳುವ ಪಕ್ಷದವರು. ನನ್ನ ಗಂಡ ಬೆಂಗಳೂರಿನಲ್ಲಿ ಆಳುವ ಪಕ್ಷದವನು. ಇಬ್ಬರಿಗೂ ಆ ಪಕ್ಷಗಳಿಂದ ಒಂದು ಶಾಲು, ಚುನಾವಣೆ ಬಂದಾಗ ಒಂದು ಬಿರಿಯಾನಿ ಪೊಟ್ಟಣ ಬಿಟ್ಟರೆ ಬೇರೇನೂ ಬಂದದ್ದನ್ನು ನಾನು ಕಂಡಿಲ್ಲ. ಆದರೂ ಭಾನುವಾರ ಜಗಲಿಯ ಮೇಲೆ ಕೂತರೆಂದರೆ ಇಬ್ಬರೂ ಮಂತ್ರಿಗಳೇ. ಓನರಮ್ಮ ಗೋಡೆ ಹಿಡಿದುಕೊಂಡು ಕಾಲೆಳೆಯುತ್ತಾ ಬಂದು ಕಾಫಿ ಇಟ್ಟು ಹೋಗುತ್ತಿದ್ದರು. ಅವರಿಗೆ ಎರಡೂ ಮಂಡಿ ನೋವು. ಕಾಫಿ ಕುಡಿಯುತ್ತಿದ್ದವರು ಯಾರೂ ಅತ್ತ ನೋಡುತ್ತಿರಲಿಲ್ಲ. ನಾನೂ ನೋಡಿದ್ದು ಕಡಿಮೆಯೇ.

ಜಗಳ ಹೆಚ್ಚಾಗಿ ಆಸ್ಪತ್ರೆ ಕಾರ್ಡಿನ ಮೇಲೆ. ಬಡವರಿಗೆ ಪುಕ್ಕಟೆ ಆಪರೇಷನ್ ಮಾಡಿಸುವ ಆ ಕಾರ್ಡು ಯಾರದು ಎನ್ನುವುದು ಪ್ರಶ್ನೆ.

"ಎಪ್ಪತ್ತು ದಾಟಿದೋರ್ಗೆಲ್ಲಾ ಕೊಡ್ತೀವಿ ಅಂದೋರು ನಮ್ಮೋರು ಕಣಯ್ಯ. ಅಡ್ಡಗಾಲು ಆಕಿರೋರು ನಿಮ್ಮೋರು," ಎಂದು ಓನರ್.

"ದಿಲ್ಲಿಯವ್ರು ಕೊಡೂದು ಚಿಟಿಕಿಯಷ್ಟು. ಭಾರ ಹೊರಾವ್ರು ನಾವು, ಹೆಸರು ಮಾತ್ರ ನಿಮ್ದು. ಇದ್ಯಾವ ನ್ಯಾಯರೀ?" ಎಂದು ನನ್ನ ಗಂಡ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಭಾನುವಾರ ಬೆಳಕಿಗಾಗಿ ಬಾಗಿಲಲ್ಲಿ ಮಷಿನ್ ಇಟ್ಟುಕೊಂಡು ಕೂತಿರುತ್ತಿದ್ದೆ. ಇವರ ಮಾತು ಕೇಳಿ ಕೇಳಿ ನನಗೆ ತಿಳಿವಳಿಕೆ ಬಂತು ಅಂದುಕೊಳ್ಳಬೇಡಿ. ಓನರ್ ಹೇಳುವಾಗ ಅವರು ಹೇಳಿದ್ದೇ ಸರಿ ಎನಿಸುತ್ತಿತ್ತು, ಗಂಡ ಬಾಯಿ ತೆಗೆದ ಕೂಡಲೇ ಇವನದೂ ಸರಿ ಎನಿಸುತ್ತಿತ್ತು. ಒಮ್ಮೆ ನಾನೇ ತಡೆಯಲಾರದೆ, "ಅಲ್ಲಾ, ನಾಳೆ ನಮಗೆ ಜ್ವರ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು, ಅಷ್ಟು ಹೇಳಿ ಸಾಕು" ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ವಿವರಿಸಲು ಶುರು ಮಾಡಿದರು. ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು ಎಂದರು, ಬೇಡ ಎಂದರು. ದೊಡ್ಡ ರೋಗಕ್ಕೆ ಮಾತ್ರ ಎಂದರು, ಎಲ್ಲದಕ್ಕೂ ಎಂದರು. ಕೊನೆಗೆ ನನ್ನ ಜ್ವರವನ್ನು ಅಲ್ಲೇ ಬಿಟ್ಟು ಮತ್ತೆ ದೆಹಲಿಗೆ ಹೋದರು. ಇದನ್ನೆಲ್ಲ ಕೇಳುತ್ತಾ ಬ್ಲೌಸಿನ ತೋಳು ತಿರುಗುಮುರುಗಾಗಿ ಹೊಲಿದದ್ದು ಆಮೇಲೆ ಗೊತ್ತಾಯಿತು. ಆ ದಿನ ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂದಿತ್ತು.

ನಮ್ಮ ಮನೆಗೂ ಒಂದು ಕಾರ್ಡು ಬಂದಿತ್ತು. ಓನರೇ ತಮ್ಮ ಜಗಲಿಯ ಮುಂದೆ ಶಾಮಿಯಾನ ಹಾಕಿಸಿ, ಕಂಪ್ಯೂಟರಿನವರನ್ನು ಕರೆಸಿ, ವಠಾರದವರಿಗೆಲ್ಲ ಮಾಡಿಸಿಕೊಟ್ಟಿದ್ದರು. ಕಾರ್ಡನ್ನು ಕೈಗೆ ಕೊಡುವಾಗ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಚೀಲದ ಮೇಲೆ ಅವರ ಪಕ್ಷದ ನಾಯಕರ ಫೋಟೋ. ನನ್ನ ಗಂಡನಿಗೆ ಆ ಚೀಲ ಕಂಡರೆ ಮೈ ಉರಿ. ಕಿತ್ತು ಬಿಸಾಡು ಅಂದರೆ ಅದಕ್ಕೂ ಮನಸ್ಸಿಲ್ಲ, ಪ್ಲಾಸ್ಟಿಕ್ ಗಟ್ಟಿಯಾಗಿತ್ತು.

ಒಂದು ಭಾನುವಾರ ಮಾತು ಎಲ್ಲೆ ಮೀರಿತು. "ನಮ್ ಕಾರ್ಡು ಪೆಟ್ಟಿಗೇಲಿ ಮಡಿಕ್ಕೊಂಡು ನಮ್ಗೇ ಬಯ್ತೀಯಲ್ಲಯ್ಯಾ, ನಾಚ್ಕೆ ಆಗಾಕಿಲ್ವಾ?" ಎಂದುಬಿಟ್ಟರು ಓನರ್. ನನ್ನ ಗಂಡ ಎದ್ದು ಒಳಗೆ ಬಂದ. ಪೆಟ್ಟಿಗೆ ತೆಗೆದ. ನಾನು "ಏನ್ ಮಾಡ್ತೀರಿ?" ಅನ್ನುವಷ್ಟರಲ್ಲಿ ಹೋಗಿ, ಕಾರ್ಡನ್ನು ಚೀಲದ ಸಮೇತ ಜಗಲಿಯ ಮೇಲೆ ಇಟ್ಟ.

"ತಗೋರಿ ನಿಮ್ಮ ಕಾರ್ಡು."

ನಮ್ಮ ಊರ ಕಡೆ ಒಂದು ರೂಢಿ ಇದೆ. ಎರಡು ಮನೆಗಳಿಗೆ ಮಾತು ಬಿಟ್ಟರೆ, ಇಸಕೊಂಡ ಪಾತ್ರೆ ಪಡಗವನ್ನೆಲ್ಲ ಅವರ ಕಟ್ಟೆಯ ಮೇಲೆ ಇಟ್ಟು ಬರುತ್ತಾರೆ. ಇಟ್ಟವರು ಅದನ್ನು ಮತ್ತೆ ಕೇಳುವಂತಿಲ್ಲ, ಪಡೆದವರು ಕರೆದು ಕೊಡುವಂತಿಲ್ಲ. ಕೇಳಿದರೆ ಸೋತಂತೆ, ಕರೆದು ಕೊಟ್ಟರೂ ಸೋತಂತೆ. ಹಾಗೆ ಸರ್ಕಾರ ಕೊಟ್ಟ ಕಾರ್ಡನ್ನು ನನ್ನ ಗಂಡ ಪಾತ್ರೆಯಂತೆ ಓನರಿಗೆ ವಾಪಸ್ ಕೊಟ್ಟ. ಓನರಾದರೂ ನಕ್ಕು, ಇದು ನಂದಲ್ಲ ಕಣಯ್ಯ ಅನ್ನಬಾರದೆ? ಅವರು ತಮ್ಮ ಸ್ವಂತದ್ದೇ ಮರಳಿ ಬಂದಂತೆ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಜಗಲಿಯಲ್ಲಿದ್ದ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನನಗೂ ಅನಿಸಲಿಲ್ಲ ಎನ್ನುವುದೇ ಈಗ ವಿಚಿತ್ರ. ಹೋಯಿತಲ್ಲ ಕಾರ್ಡು, ಅಂದುಕೊಂಡೆ ಅಷ್ಟೇ.

ಅದಾದ ಮೇಲೆ ಮಳೆಗಾಲದ ಹೊತ್ತಿಗೆ ನನ್ನ ಗಂಡನಿಗೆ ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಅವನ ಕೆಲಸ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ, ಹಿತ್ತಾಳೆ ನಲ್ಲಿಗಳನ್ನು ತಿರುಗುವ ಚಕ್ರಕ್ಕೆ ಒತ್ತಿ ಪಾಲಿಶ್ ಹಾಕುವುದು. ತುಂಬಿದ ಟ್ರೇಗಳನ್ನು ಎತ್ತುವುದೂ ಅವನದೇ. ನಾಲ್ಕಾರು ಜನರ ಶೆಡ್ಡು, ಅಲ್ಲಿ ವಿಮೆ ಗಿಮೆ ಏನೂ ಇಲ್ಲ. ಮೊದಮೊದಲು ಮುಚ್ಚಿಟ್ಟ. ನಡೆಯುವಾಗ ಒಂದು ಕೈ ಜೇಬಲ್ಲೇ ಇರುವುದನ್ನು ನೋಡಿ ನಾನು, ಇದೇನು ಹೊಸ ಸ್ಟೈಲು ಎಂದು ಗೇಲಿ ಮಾಡಿದ್ದೆ. ಜೇಬಿನೊಳಗಿಂದ ಗಂಟನ್ನು ಒತ್ತಿ ಹಿಡಿದುಕೊಂಡಿದ್ದ ಎಂದು ಗೊತ್ತಾದ ಮರುದಿನವೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಹರ್ನಿಯಾ ಎಂದರು. ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ, ತಡ ಮಾಡಬೇಡಿ ಎಂದರು. ಅಲ್ಲಿ ಆಪರೇಷನ್ ಮಾಡುವವರು ರಜೆಯಲ್ಲಿದ್ದರಂತೆ. ಕಾರ್ಡು ಇದ್ದರೆ ಪುಕ್ಕಟೆ ಆಗುತ್ತದೆ ಎಂದು ಒಂದು ಖಾಸಗಿ ಆಸ್ಪತ್ರೆಗೆ ಬರೆದುಕೊಟ್ಟರು. ಹೊರಗೆ ಬಂದು ನಾನು, "ಓನರ್ ಹತ್ರ ಕೇಳೋಣ" ಎಂದೆ.

"ಸತ್ರೂ ಕೇಳೂದಿಲ್ಲ," ಎಂದ.

"ಸತ್ತ ಮೇಲೆ ಹೇಗೆ ಕೇಳ್ತೀರಿ?" ಎಂದೆ.

ಇಂಥವನ ಜೊತೆ ಏನು ಮಾಡಬೇಕು? ನಾನು ಗುಟ್ಟಾಗಿ ಹೋಗಿ ಇಸಕೊಂಡು ಬರಬಹುದಿತ್ತು. ತಿಳಿದರೆ ಆಸ್ಪತ್ರೆಗೇ ಬರುವುದಿಲ್ಲ ಎನ್ನುವ ಜಾತಿ ಅವನದು. ಇತ್ತ ಓನರಿಗೂ ವಿಷಯ ಗೊತ್ತಿತ್ತು. ವಠಾರದಲ್ಲಿ ಯಾವ ಗಂಟು ತಾನೆ ಗುಟ್ಟಾಗಿ ಉಳಿದೀತು? ನಲ್ಲಿಯ ಹತ್ತಿರ ನನ್ನನ್ನು ನೋಡಿದಾಗಲೆಲ್ಲ ಅವರು ನಿಂತು, ಕೆಮ್ಮಿ, ಏನೋ ಹೇಳಲು ಹೋಗಿ, ಕೊನೆಗೆ ನೀರಿನ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಕೊಡಬೇಕೆಂದಿದ್ದರೋ, ಕೇಳಲಿ ಎಂದು ಕಾಯುತ್ತಿದ್ದರೋ, ನನಗೆ ತಿಳಿಯಲಿಲ್ಲ. ನನ್ನ ಗಂಡನ ಕರುಳು ಇವರಿಬ್ಬರ ಮರ್ಯಾದೆಯ ನಡುವೆ ಸಿಕ್ಕಿಕೊಂಡಿದೆ ಎಂದು ನೆನೆದು ಅಡುಗೆಮನೆಯಲ್ಲಿ ಅತ್ತೆ.

ಅಷ್ಟರಲ್ಲಿ ಶೆಡ್ಡಿನಲ್ಲಿ ಯಾರೋ ಅವನಿಗೆ, ಕಾರ್ಡು ಬೇಕಾಗಿಲ್ಲ, ಆಧಾರಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ಹೇಳಿದರು. ಅವನ ಮುಖ ಅರಳಿತು. ಬೆಳಿಗ್ಗೆಯೇ ನೋವು ಜಾಸ್ತಿಯಾದ ಒಂದು ದಿನ ರಜೆ ಹಾಕಿ, ಆಟೋ ಹಿಡಿದು ಆ ಖಾಸಗಿ ಆಸ್ಪತ್ರೆಗೆ ಹೋದೆವು.

ಕೌಂಟರಿನ ಹುಡುಗಿ ಪುಟ್ಟ ಮಷಿನನ್ನು ಮುಂದೆ ತಳ್ಳಿದಳು. ಅವನು ಹೆಬ್ಬೆರಳಿಟ್ಟ. ಕೆಂಪು ದೀಪ. ಬೇರೆ ಬೆರಳಿಟ್ಟ, ಒರೆಸಿ ಇಟ್ಟ, ನನ್ನ ಸೆರಗಿನಿಂದ ಉಜ್ಜಿ ಇಟ್ಟ. ಕೆಂಪೇ. ಪಾಲಿಶ್ ಚಕ್ರಕ್ಕೆ ನಲ್ಲಿ ಒತ್ತಿ ಒತ್ತಿ ಅವನ ಬೆರಳುಗಳ ಗೆರೆಗಳೆಲ್ಲ ಅಳಿಸಿ ಹೋಗಿದ್ದವು. ಹತ್ತೂ ಬೆರಳು ನಲ್ಲಿಗಳಂತೆಯೇ ನುಣುಪು. ಕಾರ್ಡು ಮಾಡಿಸುವಾಗ ಹೇಗೋ ಹತ್ತಿದ್ದ ಹೆಬ್ಬೆಟ್ಟೂ ಈಗ ಸವೆದಿತ್ತು. ಫೋನಿಗೆ ನಂಬರ್ ಕಳಿಸುತ್ತೇನೆ ಎಂದಳು. ಆಧಾರಿಗೆ ಕೊಟ್ಟಿದ್ದು ಎಂದೋ ಕಳೆದುಹೋದ ಸಿಮ್ಮು.

"ಹಾಗಾದ್ರೆ ಕಾರ್ಡೇ ಬೇಕು ಸಾರ್. ಅದ್ರಲ್ಲಿರೋ ನಂಬರ್ ಹಾಕಿ ನೋಡ್ತೀನಿ. ಕಾರ್ಡ್ ಇಲ್ವಾ?"

ಅವನು ಗಂಟನ್ನು ಒತ್ತಿ ಹಿಡಿದು ಬೆಂಚಿನ ಮೇಲೆ ಕೂತ. ಹಣೆಯ ಮೇಲೆ ಬೆವರು. ನಾನು ಕೇಳಬಾರದ ಹೊತ್ತಿನಲ್ಲಿ ಕೇಳಿದೆ, "ಮೇಡಂ, ಅದು ದೆಹಲಿ ಕಾರ್ಡೋ ಬೆಂಗಳೂರು ಕಾರ್ಡೋ?"

"ಎರಡೂ. ಒಂದೇ ಕಾರ್ಡು, ಎರಡು ಸರ್ಕಾರನೂ ಸೇರಿ ಕೊಡೋದು," ಎಂದಳು, ಇದೇನು ಹೊಸ ಪ್ರಶ್ನೆ ಎಂಬಂತೆ.

ಹಾಗಾದರೆ ಇಷ್ಟು ಭಾನುವಾರ ಇವರು ಕಿತ್ತಾಡಿದ್ದು ಯಾತಕ್ಕೆ? ಗಂಡನಿಗೆ ಹೇಳದೆ ಹೊರಗೆ ಹೋಗಿ ಓನರಿಗೆ ಫೋನ್ ಮಾಡಿದೆ. ಮಾತು ಮುಗಿಸಲು ಬಿಡಲಿಲ್ಲ ಅವರು. "ಯಾವ ಆಸ್ಪತ್ರೆ? ಅಲ್ಲೇ ಇರಿ," ಎಂದು ಇಟ್ಟುಬಿಟ್ಟರು.

ಬಂದರು, ಹೆಲ್ಮೆಟ್ ಕೂಡ ತೆಗೆಯದೆ. ಕಾರ್ಡನ್ನು ನನ್ನ ಗಂಡನಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ನೇರ ಕೌಂಟರಿನ ಮೇಲೆ ಇಟ್ಟರು. ಫೋಟೋ ಇದ್ದ ಚೀಲ ಇರಲಿಲ್ಲ. ಕಾರ್ಡಿನ ಮೂಲೆಯಲ್ಲಿ ಮಾತ್ರ ಅರಿಶಿನ ಕುಂಕುಮ ಮೆತ್ತಿತ್ತು. ಹುಡುಗಿ ಅದನ್ನು ಉಗುರಿನಿಂದ ಕೆರೆದು ನಂಬರ್ ಓದಿಕೊಂಡಳು.

"ನಾನೇನ್ ಕೇಳಿದ್ದಿಲ್ಲ," ಎಂದ ನನ್ನ ಗಂಡ, ಹಲ್ಲು ಕಚ್ಚಿಕೊಂಡು.

"ನಾನೂ ನಿಂಗ್ ಕೊಟ್ಟಿಲ್ಲ. ಕೌಂಟ್ರಲ್ಲಿರೋ ಆಯಮ್ಮಂಗೆ ಕೊಟ್ಟಿವ್ನಿ. ಮೊದ್ಲು ಒಳೀಕ್ ಓಗು," ಎಂದರು ಓನರ್.

ಆಪರೇಷನ್ ಆಯಿತು. ಇನ್ನು ಕೆಲವು ತಿಂಗಳು ಭಾರ ಎತ್ತಬಾರದು ಎಂದು ಹೇಳಿ ಕಳಿಸಿದರು. ಅವನು ಮಂಚದ ಮೇಲೆ ಮಲಗಿ ಬೆರಳುಗಳನ್ನು ನೋಡಿಕೊಳ್ಳುತ್ತಾ ಇರುತ್ತಿದ್ದ. ನನಗೆ ಅವನು ಬದುಕಿ ಬಂದದ್ದೇ ದೊಡ್ಡದಾಗಿತ್ತು. ಧನ್ಯವಾದ ಹೇಳೋಣ ಎಂದು ನಾಲ್ಕು ಹೋಳಿಗೆ ಮಾಡಿಕೊಂಡು ಓನರಮ್ಮನ ಹತ್ತಿರ ಹೋದೆ. ಕಾರ್ಡಿಗೆ ಕುಂಕುಮ ಹೇಗೆ ಬಂತು ಎಂದು ಕೇಳಿದೆ.

"ದೇವರ್ ಗೂಡಲ್ಲಿ ಮಡಗಿದ್ರು ಕಣಮ್ಮ. ದಿನಾ ಪೂಜೆ ಮಾಡ್ವಾಗ ಅದ್ಕೂ ಇಡೋರು."

"ನಿಮ್ಮ ಕಾರ್ಡಿನ ಜೊತೆಗಾ?"

"ನಮ್ಗೆಲ್ಲವ್ವಾ ಕಾರ್ಡು! ಬಾಡ್ಗೆಗ್ ಬಿಡೋ ಮನೆ ಇರೋರ್ಗೆ ಕರ್ಚಲ್ಲಿ ಏನೋ ಚೂರುಪಾರು ಕೊಡ್ತಾರಂತೆ. ಎಪ್ಪತ್ತು ದಾಟಿದೋರ್ಗೆಲ್ಲಾ ಬತ್ತದೆ ಅಂದ್ರು, ಅದಿನ್ನೂ ಬಂದಿಲ್ಲ. ಇರೋ ಸೈಟ್ ಮಾರಿ ಮಂಡಿ ಆಪ್ರೇಷನ್ ಮಾಡ್ಸಣ ಅಂದ್ರೆ ಇವ್ರು ಬ್ಯಾಡ ಅಂತಾರೆ. ನಮ್ ಪಕ್ಷ ಯೋಳೈತೆ, ಕೊಟ್ಟೇ ಕೊಡ್ತದೆ, ಕಾಯಿ ಅಂತಾರೆ. ಕಾಯ್ತಾ ಇವ್ನಿ."

ಹೋಳಿಗೆ ತಟ್ಟೆ ಕೈಯಲ್ಲೇ ಉಳಿಯಿತು. ವಠಾರಕ್ಕೆಲ್ಲ ಕಾರ್ಡು ಮಾಡಿಸಿದ ಮನುಷ್ಯನಿಗೆ ಕಾರ್ಡಿಲ್ಲ. ತಮಗೆ ಸಿಗದ ಕಾರ್ಡಿಗೆ ಅವರು ಪೂಜೆ ಮಾಡುತ್ತಿದ್ದರು. ತನಗೆ ಸಿಕ್ಕಿದ್ದನ್ನು ನನ್ನ ಗಂಡ ಎಸೆದಿದ್ದ. ಇವರಲ್ಲಿ ಯಾರು ದೊಡ್ಡವರು, ಯಾರು ಪೆದ್ದರು? ಓನರ್ ಮೇಲೆ ಮರುಕ ಬಂತು, ಹೆಂಡತಿಯ ಕಾಲಿನ ಮೇಲೆ ಪಕ್ಷ ನಡೆಸುತ್ತಿದ್ದಾರಲ್ಲ ಎಂದು ಸಿಟ್ಟೂ ಬಂತು. ಆಪತ್ತಿಗೆ ಓಡಿ ಬಂದವರು ಅವರೇ ಎಂದು ನೆನಪಾಗಿ ಆ ಸಿಟ್ಟು ಅರ್ಧಕ್ಕೇ ನಿಂತಿತು. ಇವತ್ತಿಗೂ ನನಗೆ ಇದರ ಲೆಕ್ಕ ಹತ್ತಿಲ್ಲ.

ಗಂಡ ನಡೆಯುವಂತಾದ ಮೊದಲ ಭಾನುವಾರ ಜಗಲಿಗೆ ಹೋದ. ನಾನು ಬೇಕೆಂದೇ ಜೊತೆಗೆ ಹೋಗಿ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು. ನನ್ನಿಂದ ಮಂಡಿಯ ಕತೆ ಕೇಳಿದ್ದ ನನ್ನ ಗಂಡ ಮೆತ್ತಗೆ, "ಅಕ್ಕಾರ ಮಂಡೀದು ನಮ್ಮ ಎಮ್ಮೆಲ್ಲೆ ಕಡೆ ಹೇಳಿ ಏನರ ಮಾಡಿಸ್ಲೇನ್ರಿ?" ಎಂದ.

"ನಿಮ್ಮೋರ ದಯೆ ನಮ್ಗೆ ಬ್ಯಾಡ. ತಡೆದಿರೋದೇ ನಿಮ್ಮೋರು!"

"ತಡದಿಲ್ರೀ, ನಿಮ್ಮ ಪಾಲು ಸರಿಯಾಗಿ ಕೊಡ್ರಿ ಅಂದಾರ!"

ಶುರುವಾಯಿತು. ಅದೇ ಹೊತ್ತಿಗೆ ಹೊಸ್ತಿಲ ಹತ್ತಿರ ಕಾಫಿ ಲೋಟಗಳು ಉರುಳಿದ ಸದ್ದು. ಓನರಮ್ಮ ಬಾಗಿಲಿಗೆ ಒರಗಿ ನೆಲಕ್ಕೆ ಕುಸಿದು ಕೂತಿದ್ದರು. ಮಂಡಿ ಹಿಡಿದುಬಿಟ್ಟಿತ್ತು. ಮೂವರೂ ಓಡಿದೆವು. ನನ್ನ ಗಂಡ ಬಗ್ಗಿ ಕೈ ಹಾಕಲು ಹೋದ.

"ನೀನ್ ಮುಟ್ಬ್ಯಾಡಪ್ಪ, ಆಪ್ರೇಷನ್ ಒಲಿಗೆ ಬಿಚ್ಕೊಂಡಾತು," ಎಂದರು ಓನರಮ್ಮ, ಆ ನೋವಿನಲ್ಲೂ.

ಒಂದು ಕಡೆ ನಾನು, ಇನ್ನೊಂದು ಕಡೆ ಓನರ್ ಹಿಡಿದು ಎಬ್ಬಿಸಿದೆವು. ಒಳಗೆ ಮಂಚದವರೆಗೆ ಒಯ್ಯಬೇಕಿತ್ತು. ಕೈಲಾಗದೆ ಪಕ್ಕದಲ್ಲಿ ನಿಂತಿದ್ದ ನನ್ನ ಗಂಡ, ಸುಮ್ಮನಿರಲಾರದೆ, "ನೋಡ್ರಿ, ದಿಲ್ಲಿಯವ್ರು ಹೂಂ ಅಂದಿದ್ರ ಇವತ್ತು ಅಕ್ಕಾರು ಹಿಂಗ..." ಎಂದ.

"ದೆಹಲೀನಾ?" ಎಂದು ಓನರ್ ಅವನತ್ತ ತಿರುಗಿದರು. ಬೆರಳು ತೋರಿಸಿ ಮಾತಾಡುವುದು ಅವರ ಅಭ್ಯಾಸ. ತೋರಿಸಲು ಹೆಂಡತಿಯನ್ನು ಹಿಡಿದಿದ್ದ ಕೈ ಬಿಟ್ಟರು.

ಓನರಮ್ಮನ ಭಾರವೆಲ್ಲ ನನ್ನ ಹೆಗಲಿಗೆ ಬಂತು. ಹಿಂದೆ ಇಬ್ಬರ ದನಿ ಏರುತ್ತಿತ್ತು. ಓನರಮ್ಮ ನನ್ನ ಕುತ್ತಿಗೆಗೆ ತೋಳು ಹಾಕಿ ಬಿಗಿಯಾಗಿ ಹಿಡಿದುಕೊಂಡರು, ನಾನು ಅವರ ಸೊಂಟ ಹಿಡಿದುಕೊಂಡೆ, ಮೆಲ್ಲಗೆ ಒಳಗೆ ನಡೆದೆವು.