ಅತಿಥಿಗಳ ಮೂಗಿಗಾಗಿ

ಹಲವು ದೇಶಗಳ ಮಂತ್ರಿಗಳು ಸೇರಿ ಜಗತ್ತಿನ ಕಷ್ಟಸುಖ ವಿಚಾರಿಸುವ ಶೃಂಗಸಭೆ ನಡೆದದ್ದು ದೂರದ ದೊಡ್ಡ ಊರಿನಲ್ಲಿ. ಅದರ ಒಂದು ಮಧ್ಯಾಹ್ನ ಮಾತ್ರ ನಮ್ಮ ಪಾಲಿಗೆ ಬಂತು. ಸಭೆಯಲ್ಲಿ ಕೂತು ಕೂತು ದಣಿದ ಕೆಲವು ಪ್ರತಿನಿಧಿಗಳು ತಾಳಗುಂದದ ಹಳೆಯ ಶಾಸನ ನೋಡಲು ಬರುತ್ತಾರೆಂದು ತೀರ್ಮಾನವಾಯಿತು. ಆ ಕಲ್ಲಿನಿಂದ ಕೂಗಳತೆಯಲ್ಲಿ ನನ್ನ ಗದ್ದೆ ಇದೆ. ಹುಟ್ಟಿದಾಗಿನಿಂದ ಆ ಕಲ್ಲನ್ನು ನೋಡುತ್ತ ಬಂದಿದ್ದೇನೆ, ಅಂದರೆ ಒಂದು ಸಲವೂ ಸರಿಯಾಗಿ ನೋಡಿಲ್ಲ.

ಅತಿಥಿ ಸತ್ಕಾರದ ಸಿದ್ಧತೆಗಳು ಗಂಭೀರವಾಗಿ ನಡೆದವು. ಶಿಕಾರಿಪುರದಲ್ಲಿ ರಸ್ತೆಗೆ ಮುಖ ಮಾಡಿದ ಗೋಡೆಗಳಿಗೆಲ್ಲ ಬಣ್ಣ ಬಂತು. ಮುಖ ಮಾಡದ ಗೋಡೆಗಳು ಮೊದಲಿನಂತೆಯೇ ಉಳಿದವು. ಮಿರ್ಚಿ ಗಾಡಿಗಳು ಎಲ್ಲಿಗೋ ಹೋದವು. ನಾವು ವರ್ಷಗಟ್ಟಲೆ ಅರ್ಜಿ ಕೊಟ್ಟು ಹಾಕಿಸಿಕೊಂಡಿದ್ದ ರಸ್ತೆ ಉಬ್ಬುಗಳನ್ನು ಒಂದೇ ಬೆಳಗ್ಗೆ ಕಿತ್ತರು. ಸೊರಬದ ಬಸ್ಸಿಗೆ ಸುತ್ತು ದಾರಿ ತೋರಿಸಿದರು. ಹೊಸಬಾಳೆಗೆ ಹೋಗಬೇಕಿದ್ದ ನನ್ನ ತಂಗಿ ಬಸ್‌ಸ್ಟ್ಯಾಂಡಿನಿಂದಲೇ ಫೋನು ಮಾಡಿದಳು: "ಅಣ್ಣಾ, ನಮ್ಮ ಮನೆಗೆ ಹೋಗಕ್ಕೆ ನಮ್ಮ ರಸ್ತೇಲಿ ಹೋಗಬಾರದಂತೆ. ಯಾವ ದೇಶದಾಗೆ ಇದೀವಿ ಕೇಳು."

ಕೇಳಲು ನನಗೆ ಪುರುಸೊತ್ತಿರಲಿಲ್ಲ. ನಮ್ಮಲ್ಲೂ ಒಂದು ಸ್ವಾಗತ ಸಮಿತಿ ಆಗಿತ್ತು. ಅಧ್ಯಕ್ಷರು ಮೆಕ್ಕೆಜೋಳದ ವ್ಯಾಪಾರಿ, ನನ್ನ ಬಾಲ್ಯದ ಗೆಳೆಯ. ಯಾರೂ ಆರಿಸದಿದ್ದರೂ ಅಧ್ಯಕ್ಷರಾಗುವ ಯೋಗ ಅವರ ಜಾತಕದಲ್ಲೇ ಇದೆ. ನನ್ನ ಹುದ್ದೆ ಸದಸ್ಯ, ಕೆಲಸ ಹೂಂಗುಟ್ಟುವುದು.

ಭತ್ತ ಕೊಯ್ದ ಮೇಲೆ ನಮ್ಮಲ್ಲಿ ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುವುದುಂಟು. ನಾಲ್ಕಾರು ರಾತ್ರಿ ಕುರಿ ಮಲಗಿದರೆ ಮಣ್ಣಿಗೆ ಗೊಬ್ಬರ, ಕುರಿಯವರಿಗೆ ಅಕ್ಕಿ. ಆ ವಾರ ಉಡುತಡಿ ಕಡೆಯ ಗಂಡ ಹೆಂಡತಿ ಬಂದು ಮಂದೆಯ ಸುತ್ತ ಬಲೆ ಕಟ್ಟಿದ್ದರು. ನಡೆಯಲಾರದ ಎಳೆಮರಿಗಳನ್ನು ಬಿದಿರು ಬುಟ್ಟಿಗಳ ಕೆಳಗೆ ಕವುಚಿ ಇಟ್ಟು, ಗಂಡ ತಾಯಿಗಳನ್ನು ಮೇಯಿಸಲು ಹೊಡೆದುಕೊಂಡು ಹೋಗುವನು, ಹೆಂಡತಿ ಮರಿ ಕಾಯುವಳು. ಸಂಜೆ ತಾಯಿಗಳು ಬಂದು ಮೂಸಿ ಮೂಸಿ ತಮ್ಮ ತಮ್ಮ ಮರಿ ಹುಡುಕಿಕೊಳ್ಳುವುದು ಯಾವ ಸಭೆಗೂ ಕಡಿಮೆಯಿಲ್ಲದ ಗಲಾಟೆ.

ಅತಿಥಿಗಳು ಬರುವ ದಿನ ನಸುಕಿನಲ್ಲಿ ಒಂದು ಕುರಿ ಈದಿತ್ತು. ಚೊಚ್ಚಲು. ಕುರಿಯಾಕೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಕುರಿಯ ವಂಶದಲ್ಲಿ ಉಳಿದಿರುವುದು ಇದೊಂದೇ. ಮಂದೆಯೆಲ್ಲ ಗಂಡನ ಮನೆಯದು, ಇದು ಮಾತ್ರ ಆಕೆಯದು. ಮರಿ ಹೆಣ್ಣು ಎಂದು ನನಗೆ ಮೂರು ಸಲ ಹೇಳಿದಳು.

ಹಾಗೆ ಈದ ಕುರಿಯನ್ನು ಆ ದಿನ ಮರಿಯ ಹತ್ತಿರವೇ ಬಿಡುವುದು ಕ್ರಮ. ಆದರೆ ಬೆಳಗ್ಗೆ ಪೊಲೀಸರು ಬಂದು, ಈ ಮಗ್ಗುಲಲ್ಲಿ ಒಂದು ಕುರಿಯೂ ಇರಕೂಡದು, ಎಲ್ಲ ರಸ್ತೆಯಾಚೆಗೆ ಎಂದರು. ಬುಟ್ಟಿಗಳನ್ನು ಯಾರೂ ಕೇಳಲಿಲ್ಲ, ಬುಟ್ಟಿ ಕುರಿಯಲ್ಲವಲ್ಲ. ಒಂದೇ ಸಲ ಮೊಲೆಯುಂಡ ಮರಿ ಈಚೆ, ತಾಯಿ ಆಚೆ. ಹಿಂದೆಯೇ ರಸ್ತೆ ಬಂದ್ ಆಯಿತು. ಗದ್ದೆ ಕಾಣದಂತೆ ಉದ್ದಕ್ಕೂ ಹಸಿರು ಪರದೆ ಕಟ್ಟಿದರು.

ಆಮೇಲೆ ಅಧ್ಯಕ್ಷರು ಬಂದರು. ಪರದೆಯ ಹಿಂದೆ ನಿಂತು ಮೂಗೆಳೆದರು.

"ಕಾಣಲ್ಲ ಸರಿ. ವಾಸನೆ ಏನ್ ಮಾಡ್ತೀಯ? ದೇಶದ ಮರ್ಯಾದೆ ಕಣೋ."

"ಕುರಿ ವಾಸನೆ ಅವರ ದೇಶದಾಗೂ ಇರ್ತದೆ."

"ಅವರ ಕುರಿ ಸ್ನಾನ ಮಾಡ್ತಾವೆ."

ಈ ವಿಷಯ ಅವರಿಗೆ ಯಾರು ಹೇಳಿದರೋ ತಿಳಿಯದು. ಜೋಳಕ್ಕೆ ಔಷಧಿ ಹೊಡೆಯುವ ಬೆನ್ನುಪಂಪನ್ನು ಹೊಸದೇ ತರಿಸಿದ್ದರು. ಅದರಲ್ಲಿ ನೀರು, ಫಿನಾಯಿಲು, ಮೇಲೆ ಎರಡು ಬಾಟಲಿ ಗಂಧದ ಸೆಂಟು. ಕುರಿಯಾಕೆ ನೀರಿಗೆಂದು ಬೋರಿನ ಹತ್ತಿರ ಹೋಗಿದ್ದಳು. ಅಧ್ಯಕ್ಷರು ಸ್ವಹಸ್ತದಿಂದ ಮಂದೆ ಮಲಗಿದ್ದ ನೆಲಕ್ಕೆ, ಬಲೆಗೆ, ಬುಟ್ಟಿಗಳಿಗೆ ಪೂಜೆಯ ಶ್ರದ್ಧೆಯಲ್ಲಿ ಸಿಂಪಡಿಸಿದರು. ಬುಟ್ಟಿಯ ಸಂದಿಯಿಂದ ಒಳಗೂ ಹೋಯಿತು. ಮರಿಗಳು ಸೀನಿದವು.

ಕೊಡ ಹೊತ್ತು ಬಂದವಳು ವಾಸನೆ ಬಡಿದು ದೂರದಲ್ಲೇ ನಿಂತಳು. ಹತ್ತಿರ ಬಂದು ಕೊಡ ಇಳಿಸಿ ಚೊಚ್ಚಲು ಕುರಿಯ ಮರಿಯನ್ನು ಎತ್ತಿ ಮೂಸಿದಳು.

"ಯಾರ್ರೀ ಇದು ಮಾಡ್ದೋರು?"

"ಒಳ್ಳೆ ಗಂಧದ್ದಮ್ಮ, ಏನೂ ಆಗಲ್ಲ," ಎಂದರು ಅಧ್ಯಕ್ಷರು.

"ನಿಮಗೆ ಆಗಲ್ಲ. ಇದರವ್ವ ಇದನ್ನ ಹೆಂಗೆ ಗುರ್ತು ಹಿಡೀಬೇಕು? ಹೊಸ ಕುರಿ ಅದು. ಇವತ್ತು ಒಲ್ಲೆ ಅಂದ್ರೆ ಮುಗೀತು, ನಾಳೆ ಸೇರಿಸಲ್ಲ. ಬೇರೆ ಹಾಲು ಎಷ್ಟು ದಿನ ಹಾಕಲಿ, ಬದುಕ್ತದಾ?"

ಅಧ್ಯಕ್ಷರು ಪಂಪನ್ನು ಬೆನ್ನಿನಿಂದ ಇಳಿಸಿದರು. ಅದು ಒಮ್ಮೆಗೇ ಭಾರವಾದಂತೆ ಕಂಡಿತು.

ಅಲ್ಲಿಂದ ಕಾಯುವುದು ಶುರುವಾಯಿತು. ಬಿಸಿಲೇರಿತು. ಬುಟ್ಟಿಗಳೊಳಗಿಂದ ಮರಿಗಳು ಕೂಗಿದವು. ರಸ್ತೆಯಾಚೆ ಜೋಳ ಕೊಯ್ದ ಕೂಳೆ ಹೊಲದಿಂದ ತಾಯಿಗಳು ಉತ್ತರಿಸಿದವು. ನಡುವೆ ಪೊಲೀಸರು ಎರಡೂ ಕಡೆಗೆ ಬೆನ್ನು ಹಾಕಿ ಖಾಲಿ ಡಾಂಬರನ್ನು ಕಾಯುತ್ತಿದ್ದರು. ನಾನು ಒಮ್ಮೆ ಹೋಗಿ ಒಂದೇ ಒಂದು ಕುರಿ ದಾಟಿಸಿ ಎಂದು ಬೇಡಿಕೊಂಡೆ. "ಒಂದು ಬಿಟ್ಟರೆ ಉಳಿದವು ಸುಮ್ಮನಿರ್ತಾವಾ ಯಜಮಾನ್ರೇ?" ಎಂದ ಪೇದೆ. ಕುರಿಗಳ ವಿಷಯದಲ್ಲಿ ಅವನ ಮಾತು ಸರಿಯಾಗಿಯೇ ಇತ್ತು.

ಅತಿಥಿಗಳು ತಡವಾಗಿ ಬಂದರು. ಕರಿಯ ಕಾರುಗಳು ಗಾಜು ಏರಿಸಿಕೊಂಡು ಗಾಳಿಯಂತೆ ಹೋದವು. ಶಾಸನ ನೋಡಿ ಹಾಗೆಯೇ ಹಿಂದಿರುಗಿದವು. ಒಂದು ಮೂಗೂ ಹೊರಗೆ ಬರಲಿಲ್ಲ. ಅಧ್ಯಕ್ಷರು ಪರದೆಯ ಪಕ್ಕ ಕೈಮುಗಿದು ನಿಂತಿದ್ದರು. ಕಾರುಗಳು ಮರೆಯಾದ ಮೇಲೂ ಕೈ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ರಸ್ತೆ ಬಿಟ್ಟಾಗ ಹೊತ್ತು ಇಳಿದಿತ್ತು. ಮಂದೆ ಧೂಳೆಬ್ಬಿಸಿಕೊಂಡು ನುಗ್ಗಿ ಬಂತು, ಬಲೆಯ ಹತ್ತಿರ ಬಂದದ್ದೇ ಗಕ್ಕನೆ ನಿಂತಿತು. ಆಕೆ ಬುಟ್ಟಿ ಎತ್ತಿದಳು. ಮರಿಗಳು ಓಡಿದವು. ತಾಯಿಗಳು ಮೂಸಿ ಹಿಂದೆ ಸರಿದವು, ಮರಿಗಳ ದನಿ ಕೇಳಿ ಮತ್ತೆ ಮುಂದೆ ಬಂದವು. ಹಳೆಯ ಕುರಿಗಳು ಗೊಣಗುತ್ತಲೇ ಒಂದೊಂದಾಗಿ ಮೊಲೆ ಕೊಟ್ಟವು. ಚೊಚ್ಚಲು ಕುರಿ ಮಾತ್ರ ತನ್ನ ಮರಿಯನ್ನು ಮೂಸಿ ತಲೆಯಿಂದ ಗುದ್ದಿತು. ಮರಿ ಬಿದ್ದು ಎದ್ದು ಮತ್ತೆ ಹೋಯಿತು. ಮತ್ತೆ ಗುದ್ದಿತು.

ಆಕೆ ಮರಿಯನ್ನು ತೊಳೆದಳು. ಮಂದೆಯ ಹಿಕ್ಕೆಮಣ್ಣು ಬಳಿದಳು. ತಾಯಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ ಸವರಿದಳು. ಗಂಡ ಕುರಿಯ ಕೊರಳು ಹಿಡಿದು ನಿಂತ. ಅದು ಒದ್ದಾಡಿ ಬಿಡಿಸಿಕೊಂಡಿತು.

"ಮನೇಲಿ ಒಳ್ಳೆ ಸೋಪು ಇದೆ, ತರ್ಲಾ?" ಎಂದರು ಅಧ್ಯಕ್ಷರು, ತೀರ ಸಣ್ಣ ದನಿಯಲ್ಲಿ.

"ಬ್ಯಾಡ್ರೀ ಮಾರಾಯ್ರ! ಇನ್ನೊಂದು ವಾಸನಿ ತರಬ್ಯಾಡ್ರಿ!"

ಮರಿ ಈಗ ಏಳುವುದನ್ನು ಬಿಟ್ಟು ಮಲಗಿತ್ತು. ಕೂಗೂ ತೆಳುವಾಗಿತ್ತು. ಆಕೆ ಅದರ ಬಾಯೊಳಗೆ ಬೆರಳಿಟ್ಟು ನೋಡಿ, "ತಣ್ಣಗಾಗ್ತಾ ಬಂತು," ಎಂದಳು. ಗಂಡ ಏನೋ ಸಮಾಧಾನ ಹೇಳಹೊರಟ. "ನಿಮ್ಮ ಮಂದೆ ಕುರಿಗೆ ಹೇಳು ಅದನ್ನ, ಇದು ನಂದು," ಎಂದು ಅವನತ್ತ ನೋಡದೆಯೇ ಅಂದಳು.

ಅದೇ ಹೊತ್ತಿಗೆ ಬಾಂಬು ಹುಡುಕುವ ದಳದ ಪೊಲೀಸನೊಬ್ಬ ತನ್ನ ನಾಯಿಗೆ ನೀರು ಕೇಳಿಕೊಂಡು ಬದು ಇಳಿದು ಬಂದ. ಬೇರೆ ಜಿಲ್ಲೆಯವನು. ನಾಯಿ ಕರುವಿನಷ್ಟಿತ್ತು. ಅದು ನೀರನ್ನು ಬಿಟ್ಟು ಫಿನಾಯಿಲು, ಗಂಧ, ಹಿಕ್ಕೆ, ಹಾಲು ಎಲ್ಲ ಬೆರೆತ ಆ ಮರಿಯ ಕಡೆ ಮೂಗು ಚಾಚಿ ಹಗ್ಗ ಜಗ್ಗಿತು. ಅದರ ವೃತ್ತಿಜೀವನದಲ್ಲಿ ಅಂಥದ್ದೊಂದು ಎದುರಾಗಿರಲಾರದು. ಕುರಿಯವರ ನಾಯಿ ಯಾವಾಗಲೂ ಮಂದೆಯ ನಡುವೆಯೇ ಓಡಾಡುತ್ತಿದ್ದರೂ ಯಾವ ಕುರಿಯೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಈಗ ಇಡೀ ಮಂದೆ ಒಂದು ಮೂಲೆಗೆ ಒತ್ತರಿಸಿತು.

ಚೊಚ್ಚಲು ಕುರಿ ಒಂದೇ ಹೋಗಲಿಲ್ಲ. ಮರಿಯನ್ನು ನೋಡಿತು, ನಾಯಿಯನ್ನು ನೋಡಿತು. ಓಡಿಬಂದು ಎರಡರ ನಡುವೆ ನಿಂತು ಮುಂಗಾಲಿನಿಂದ ನೆಲ ಗುದ್ದಿತು.

ಪೊಲೀಸ ಹಗ್ಗ ಎಳೆಯಹೋದ.

"ಎಳೀಬ್ಯಾಡ್ರಿ! ಹಂಗೇ ಇರ್ರಿ!" ಎಂದಳು ಆಕೆ, ಉಸಿರು ಬಿಡದೆ.

ಯಾರೂ ಅಲುಗಲಿಲ್ಲ. ಕುರಿ ನಾಯಿಯಿಂದ ಕಣ್ಣು ತೆಗೆಯದೆ ಹಿಂದೆ ಹಿಂದೆ ಸರಿದು ಮರಿಯನ್ನು ತನ್ನ ಹೊಟ್ಟೆಯ ಕೆಳಗೆ ತಂದುಕೊಂಡಿತು. ಮರಿ ತಲೆಯೆತ್ತಿತು, ಬಿತ್ತು. ಆಕೆ ಮಂಡಿಯೂರಿ ತೆವಳಿ ಹೋಗಿ ಅದರ ಬಾಯನ್ನು ಮೊಲೆಗೆ ಹಿಡಿದಳು. ಕುರಿ ಒಮ್ಮೆ ಬೆನ್ನು ನಡುಗಿಸಿತು. ಒದೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮರಿಯ ಬಾಲ ಅಲ್ಲಾಡಿತು.

ಅಧ್ಯಕ್ಷರು ಟೋಪಿ ತೆಗೆದು ಮುಖ ಒರೆಸಿಕೊಂಡರು.

ರಸ್ತೆಯಿಂದ ಜೀಪಿನ ಹಾರ್ನು ಕೇಳಿತು. "ಏನಯ್ಯ, ಇನ್ನೂ ಏನು ಮಾಡ್ತಿದೀಯ ಅಲ್ಲಿ? ಬಾ!"

ಪೊಲೀಸ ನಾಯಿಯನ್ನು ನೋಡಿದ, ಕುರಿಯನ್ನು ನೋಡಿದ, ಕಡೆಗೆ ಆಕೆಯನ್ನು ನೋಡಿದ.

"ಹೊಟ್ಟೆ ತುಂಬಲಿ, ನಿಲ್ಲಪ್ಪ," ಎಂದಳು ಆಕೆ.

ಅವನು ರಸ್ತೆಯತ್ತ ತಿರುಗಿ ನೆಟ್ಟಗೆ ನಿಂತು ಕೂಗಿದ:

"ತಪಾಸಣೆ ಇನ್ನೂ ಮುಗಿದಿಲ್ಲ, ಸರ್!"